ಪದ್ಮರಾಜರ ಗುಪ್ತದಾನ

ಹಳದಿಗೆ ತಿರುಗಿದ ಕಾಳುಮೆಣಸಿನ ಎಲೆಗಳನ್ನು ರೈತ ದಾಮೋದರನ್ ತಂದು ಪದ್ಮರಾಜರ ಮೇಜಿನ ಮೇಲೆ ಸುರಿದ.

"ಎಂತ ಪದ್ಮರಾಜಣ್ಣ ಇದು? ಹನ್ನೊಂದು ಬಳ್ಳಿ ಹೋಯ್ತು. ಹೋದ ವರ್ಷ ನಿಮ್ಮ ಆ್ಯಪ್ ಮದ್ದು ಹೊಡಿ ಅಂತ ಮೊದಲೇ ಹೇಳಿತ್ತು. ಈ ಸರ್ತಿ ತುಟಿ ಬಿಚ್ಚಲಿಲ್ಲ. ಇನ್ನು ನಲವತ್ತು ಬಳ್ಳಿ ಉಂಟು, ಅದೂ ಹೋದ್ರೆ ನಾನೆಂತ ಮಾಡೋದು?"

ಪುಲ್ಪಳ್ಳಿಯಲ್ಲಿ ಪದ್ಮರಾಜರದು ಕಾಳುಮೆಣಸಿನ ಕಂಪನಿ. ಮೆಣಸು ಕೊಡುವ ರೈತರ ಫೋನಿಗೆಲ್ಲ 'ಮಳೆಗಣ್ಣು' ಎಂಬ ಆ್ಯಪ್ ಹಾಕಿಸಿದ್ದರು. ಬಿದ್ದ ಮಳೆಯ ಲೆಕ್ಕ, ಬರುವ ಮಳೆಯ ಮುನ್ಸೂಚನೆ ಎರಡನ್ನೂ ನೋಡಿ, ಸೊರಗು ರೋಗ ಬರುವ ಮುಂಚೆ ಅದು ಎಚ್ಚರಿಸುತ್ತದೆ. ಜಿಲ್ಲೆಯ ಹತ್ತಾರು ಜನ ಬಿಡುವಿನಲ್ಲಿ ಕೂಡಿ ಬರೆದ ಆ್ಯಪ್ ಅದು. ಒಳಗಿನ ಕೋಡ್ ಎಲ್ಲರಿಗೂ ಕಾಣುತ್ತದೆ; ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಓಪನ್ ಸೋರ್ಸ್ ಎನ್ನುವುದು ಇದಕ್ಕೇ. ಮೂರು ವರ್ಷ ಬಳಸಿದರೂ ಪದ್ಮರಾಜರಿಗೆ ಅದರ ಮೇಲಿನ ಅನುಮಾನ ಹೋಗಿರಲಿಲ್ಲ. ತಾವೇ ಹಾಕಿದ ಬೀಗವನ್ನು ಮೂರು ಸಲ ಎಳೆದು ನೋಡುವ ಆಸಾಮಿ ಅವರು!

ಕಂಪನಿಯ ಕಂಪ್ಯೂಟರ್ ಕೆಲಸವೆಲ್ಲ ಸೊಸೆ ಶ್ವೇತಾಳದು. ಹೊತ್ತು ಮುಳುಗುವ ಮುಂಚೆ ಎಲ್ಲರೂ ಊಟಕ್ಕೆ ಕುಳಿತಾಗ ಅವಳು ಮಾತು ತೆಗೆದಳು.

"ತಪ್ಪು ನಮ್ಮದೇ ಮಾವ. ಆ್ಯಪ್ ಬರೆದಿರೋದು ವೆಳ್ಳಮುಂಡ ಕಡೆಯ ಮಳೆ ಲೆಕ್ಕಕ್ಕೆ. ಅಷ್ಟು ಮಳೆ ಪುಲ್ಪಳ್ಳೀಲಿ ಬೀಳಲ್ಲ. ಇಲ್ಲಿ ಕಮ್ಮಿ ಮಳೆಗೇ ರೋಗ ಬರ್ತದೆ, ಆ್ಯಪ್ ಮಾತ್ರ ಅಷ್ಟು ಮಳೆ ಬರ್ಲಿ ಅಂತ ಕಾಯ್ತಾ ಕೂರ್ತದೆ. ಹೋದ ವರ್ಷ ಅದನ್ನ ನಮಗೆ ಮಾತ್ರ ತಿದ್ದಿಟ್ಟಿದ್ದೆ. ಈ ತಿಂಗಳು ಆ್ಯಪಿನ ಹೊಸ ಆವೃತ್ತಿ ಹಾಕಿದಾಗ ಅದು ಅಳಿಸಿಹೋಯ್ತು, ನಾನೂ ನೋಡ್ಲಿಲ್ಲ. ತಿದ್ದಿದ್ದನ್ನ ಅವರಿಗೇ ಕೊಟ್ಟಿದ್ರೆ ಪ್ರತಿ ಸಲಾನೂ ಅದರಲ್ಲೇ ಬರ್ತಿತ್ತು."

"ಕೊಟ್ರೆ ನಮಗೆ ಪೈಪೋಟಿ ಕೊಡೋ ಕಲ್ಪೆಟ್ಟದ ಕಂಪನಿಯವನೂ ಬಳಸ್ತಾನೆ. ಮತ್ತೆ, ಬಿಟ್ಟಿ ಕೊಡೋರ ಹಿಂದೆ ಏನೋ ಇದ್ದೇ ಇರ್ತದೆ ಮಗಳೇ."

"ಮೂರು ವರ್ಷ ಬಿಟ್ಟಿ ತಗೊಂಡ ನಮ್ಮ ಹಿಂದೆ ಏನಿತ್ತು ಮಾವ?"

ಪದ್ಮರಾಜರು ಮಜ್ಜಿಗೆ ಲೋಟ ಕೆಳಗಿಟ್ಟರು. ದಾಮೋದರನ್‌ನ ಎಲೆಗಳು ಅವರ ಕಣ್ಣಿಗೆ ಕಟ್ಟಿದ್ದವು.

"ಸರಿ, ಕೊಡು. ಆದ್ರೆ ಹೆಸರು ಹಾಕ್ಬೇಡ. ಬಸದಿಗೆ ಕೊಡೋ ಹಾಗೆ, ಗುಪ್ತದಾನ."

ಶ್ವೇತಾ ಹೆಸರಿಲ್ಲದೆ ಕಳಿಸಿದಳು; ಎರಡು ದಿನದಲ್ಲಿ ಉತ್ತರ ಬಂತು. ಆ್ಯಪಿಗೆ ಬರುವ ತಿದ್ದುಪಡಿಗಳನ್ನು ಪರೀಕ್ಷಿಸುವವಳು ವೆಳ್ಳಮುಂಡದ ಶಾಲಾ ಶಿಕ್ಷಕಿ ಧನ್ಯ. 'ಹೆಸರಿಲ್ಲ, ಮಳೆ ಅಳೆದ ದಾಖಲೆಯಿಲ್ಲ. ಎಲ್ಲರ ಕೈಲೂ ಹೆಚ್ಚು ಮದ್ದು ಹೊಡೆಸಲು ಮದ್ದಿನ ಅಂಗಡಿಯವರು ಹೂಡಿದ ಆಟವಿರಬಹುದು. ಸೇರಿಸುವುದಿಲ್ಲ' ಎಂದು ಬರೆದಿದ್ದಳು.

"ನನ್ನ ಮೇಲೇ ಅನುಮಾನವಾ!" ಪದ್ಮರಾಜರು ಕೆಂಡವಾದರು. ಆಗಲೇ ಧನ್ಯಳಿಗೆ ಫೋನ್ ಮಾಡಿದರು.

ಧನ್ಯ ಹೆದರಲಿಲ್ಲ. "ಒಂದು ಅಂಕಿ ತಪ್ಪಾದ್ರೆ ಊರಿಡೀ ಬಳ್ಳಿ ಹೋಗ್ತದೆ ಅಣ್ಣಾ. ಆಗ ನಾನು ಯಾರನ್ನ ಕೇಳ್ಲಿ? ದಾನಕ್ಕೆ ಹೆಸರು ಬೇಡ, ಸರಿ. ಜವಾಬ್ದಾರಿಗೆ ಬೇಕಲ್ವಾ?"

ಅನುಮಾನದ ಭಾಷೆ ಪದ್ಮರಾಜರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಅಂದೇ ಕಂಪನಿಯ ಹೆಸರು ಹಾಕಿ, ಕಂಪನಿಯವರು ದಿನವೂ ಮಳೆ ಅಳೆದು ಬರೆದಿಟ್ಟ ಪುಸ್ತಕದ ಪುಟಗಳ ಸಮೇತ ಎಲ್ಲವನ್ನೂ ಕಳಿಸಿಕೊಟ್ಟರು. ವಾರಕ್ಕೆ ಅರ್ಧ ದಿನ ಶ್ವೇತಾ ಆ ಗುಂಪಿನ ಕೆಲಸ ಮಾಡಲಿ, ಸಂಬಳ ಕಂಪನಿಯದೇ ಎಂದರು. ಧನ್ಯ ಪುಟ ತಿರುವಿ ಒಂದು ತಪ್ಪನ್ನೂ ಹಿಡಿದಳು: ಕಂಪನಿಯ ಒಂದು ಮಳೆಮಾಪಕ ಉಳಿದವಕ್ಕಿಂತ ಕಮ್ಮಿ ತೋರಿಸುತ್ತಿತ್ತು; ವಿಚಾರಿಸಿದರೆ ಅದು ಹಲಸಿನ ಮರದಡಿ ಇತ್ತು! ನಾಲ್ಕು ಕಣ್ಣು ನೋಡದಿದ್ದರೆ ಅದು ಹಾಗೇ ಉಳಿಯುತ್ತಿತ್ತು. ಅದನ್ನು ಸರಿಪಡಿಸಿದ ಮೇಲೆ ಧನ್ಯ ತಿದ್ದುಪಡಿಯನ್ನು ಆ್ಯಪಿಗೆ ಸೇರಿಸಿದಳು.

ಮುಂದಿನ ಜೋರು ಮಳೆಗೆ ಎರಡು ದಿನ ಮೊದಲೇ ದಾಮೋದರನ್‌ನ ಫೋನ್ ಕೂಗಿತು. ಅವನು ಮದ್ದು ಹೊಡೆದ. ನಲವತ್ತು ಬಳ್ಳಿಯೂ ಇಂದು ಹಸಿರಾಗಿವೆ.

ಮೊನ್ನೆ ಆ್ಯಪಿಗೆ ಕೆಲಸ ಮಾಡಿಕೊಟ್ಟವರ ಪಟ್ಟಿಯಲ್ಲಿ ಕಲ್ಪೆಟ್ಟದ ಕಂಪನಿಯ ಹೆಸರೂ ಕಂಡಿತು. ಕಾಫಿ ಒಣಗಿಸುವ ಹೊತ್ತಿನಲ್ಲಿ ಮಳೆ ಬರುವಂತಿದ್ದರೆ ಕೊಡುವ ಎಚ್ಚರಿಕೆಯನ್ನು ಅವರು ಬರೆದು ಕೊಟ್ಟಿದ್ದರು. ಪದ್ಮರಾಜರು ಕನ್ನಡಕ ಏರಿಸಿದರು.

"ಇವನಿಗೆ ಇದರಿಂದ ಏನು ಲಾಭ?"

"ನಿಮಗಾಯ್ತಲ್ಲ ಮಾವ, ಅದೇ," ಎಂದಳು ಶ್ವೇತಾ.

ಕಂಪನಿ ನಡೆಸುವವರೇ, ನಿಮ್ಮಲ್ಲೂ ಹತ್ತು ಜನ ಕೂಡಿ ಕಟ್ಟಿದ ಇಂಥ ಓಪನ್ ಸೋರ್ಸ್ ಆ್ಯಪ್ ಒಂದು ಬಳಕೆಯಲ್ಲಿರಬಹುದು. ನಾಳೆ ಬೆಳಿಗ್ಗೆ ವಿಚಾರಿಸಿ. ತಿದ್ದಿದ್ದನ್ನು ಬಚ್ಚಿಡಬೇಡಿ, ನಿಮ್ಮವರಿಗೆ ಅದಕ್ಕಾಗಿ ಸಮಯ ಕೊಡಿ. ಅನುಮಾನವಿದ್ದರೆ ಇರಲಿ, ತೆರೆದು ನೋಡಿ. ನಿಮ್ಮದನ್ನೂ ಹೆಸರು ಹಾಕಿ ತೆರೆದಿಡಿ.