ಹದಿನೈದು ನಿಮಿಷದ ಆಟಗಾರ

ಚೆಂಡು ಗೆರೆ ದಾಟಬಾರದು. ಅಷ್ಟೇ. ಗೋಲು, ಗೆಲುವು, ಅಂಕಪಟ್ಟಿ ಎಲ್ಲ ಆಮೇಲಿನ ಮಾತು.

ಲುವಾನ್ ಬಿನ್ ಚೆಂಡನ್ನು ಹಿಂದಕ್ಕೆ ಒದ್ದ. ಅದು ವಾಪಸು ಬಂತು. ಎಡಕ್ಕೆ ಕೊಟ್ಟ, ಅಲ್ಲಿಂದಲೂ ಬಂತು. ಮೈದಾನದ ಅಂಚಿನಲ್ಲಿ ನಾಲ್ಕನೇ ರೆಫರಿ ಹಲಗೆ ಹಿಡಿದು ನಿಂತಿದ್ದ. ಅದರ ಮೇಲೆ ಕೆಂಪು ದೀಪದಲ್ಲಿ ಬಿನ್‌ನ ಅಂಕೆ, ಮೂವತ್ತಾರು. ಪಕ್ಕದಲ್ಲಿ ಜಿಯಾವ್ ಪೆಂಗ್, ಮೂವತ್ತೊಂದು ವರ್ಷದವನು, ಮೈ ಬಿಸಿ ಮಾಡಿಕೊಳ್ಳಲು ನಿಂತಲ್ಲೇ ಜಿಗಿಯುತ್ತಿದ್ದ. ಚೆಂಡು ಹೊರಗೆ ಹೋಗಿ ಆಟ ನಿಂತ ಕೂಡಲೇ ಬಿನ್ ಹೊರಗೆ, ಪೆಂಗ್ ಒಳಗೆ. ಆಟ ನಿಲ್ಲದಿದ್ದರೆ ಯಾರೂ ಏನೂ ಮಾಡುವಂತಿಲ್ಲ.

ಗಡಿಯಾರದಲ್ಲಿ ಹದಿನೇಳನೇ ನಿಮಿಷ. ಈ ವರ್ಷ ಅವನು ಇಷ್ಟು ಹೊತ್ತು ಮೈದಾನದಲ್ಲಿ ಇದ್ದದ್ದೇ ಇಲ್ಲ.

ಇಪ್ಪತ್ಮೂರು ವರ್ಷ ದಾಟದ ಒಬ್ಬನಾದರೂ ಮೊದಲ ಹನ್ನೊಂದರಲ್ಲಿ ಇರಲೇಬೇಕೆಂದು ಫುಟ್‌ಬಾಲ್ ಸಂಘ ನಿಯಮ ಮಾಡಿತ್ತು. ಎಷ್ಟು ಹೊತ್ತು ಇರಬೇಕೆಂದು ಹೇಳಿರಲಿಲ್ಲ. ಸಂಘ ಚಾಪೆಯ ಕೆಳಗೆ ತೂರಿದರೆ ಕ್ಲಬ್ಬುಗಳು ರಂಗೋಲಿಯ ಕೆಳಗೆ ತೂರಿದವು. ಇಪ್ಪತ್ತೆರಡು ಪಂದ್ಯಗಳಲ್ಲಿ ಬಿನ್ ಎಲ್ಲರ ಜೊತೆ ಸಾಲಾಗಿ ನಿಂತು ರಾಷ್ಟ್ರಗೀತೆ ಹಾಡಿದ್ದ, ಹದಿನಾಲ್ಕೋ ಹದಿನೈದೋ ನಿಮಿಷ ಓಡಿದ್ದ, ಬೆವರು ಬರುವ ಮೊದಲೇ ಬಂದು ಬೆಂಚಿನ ಮೇಲೆ ಕೂತಿದ್ದ. ಎಲ್ಲ ಕೂಡಿಸಿದರೆ ನಾಲ್ಕು ಪೂರ್ತಿ ಪಂದ್ಯವೂ ಆಗದು. ಒಂಬತ್ತನೇ ವಯಸ್ಸಿಗೆ ಫುಟ್‌ಬಾಲ್ ಶಾಲೆಯ ಹಾಸ್ಟೆಲು ಸೇರಿದವನು, ಮೇಲೆ ಕ್ರೀಡಾ ವಿಶ್ವವಿದ್ಯಾಲಯದ ಪದವಿ ಬೇರೆ. ಜನವರಿಗೆ ಇಪ್ಪತ್ನಾಲ್ಕು ತುಂಬುತ್ತದೆ. ಆಮೇಲೆ ಆ ಹದಿನೈದು ನಿಮಿಷಕ್ಕೂ ಅವನು ಬೇಕಾಗಿಲ್ಲ.

ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ಕೇಳಿ ನೋಡಿದ್ದ.

"ಕೋಚ್, ಇವತ್ತು ಅಮ್ಮ ಬರ್ತಿದಾಳೆ."

ಕೋಚ್ ಶಾಂಗ್ ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದರು. "ಒಳ್ಳೇದಾಯ್ತಲ್ಲ. ಯಾವೂರಿಂದ?"

"ಯಿಂಗ್‌ಕೋ. ನಾನು ಆಡೋದನ್ನ ನೋಡೋಕೆ ಮೊದಲನೇ ಸಲ ಬರ್ತಿರೋದು."

"ಹೂಂ."

"ಅರ್ಧ ಆಟದವರೆಗೆ ಬಿಟ್ರೆ..."

"ನೋಡೋಣ. ಮೊಟ್ಟೆ ತಿನ್ನು, ಆರೋಗುತ್ತೆ."

ನೋಡೋಣ ಅಂದರೆ ಇಲ್ಲ ಎಂದು ಆ ಮೇಜಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬಿನ್ ಮೊಟ್ಟೆ ತಿಂದ.

ಅಮ್ಮ ಯಿಂಗ್‌ಕೋದ ಮೀನು ಮಾರುಕಟ್ಟೆಯಲ್ಲಿ ಚಿಪ್ಪು ಬಿಡಿಸುವವಳು. ಎರಡನೇ ದರ್ಜೆಯ ಲೀಗು ಟೀವಿಯಲ್ಲಿ ಬರುವುದಿಲ್ಲ. ಪಂದ್ಯಕ್ಕೆ ಮೊದಲು ಕ್ಲಬ್ಬಿನವರು ಹನ್ನೊಂದು ಮುಖಗಳ ಚಿತ್ರ ಹಾಕುತ್ತಾರಲ್ಲ, ಅದನ್ನು ಅವಳು ನೆಂಟರಿಗೆಲ್ಲ ಕಳಿಸುತ್ತಿದ್ದಳು. ನನ್ನ ಮಗ ಒಂದು ಪಂದ್ಯವೂ ತಪ್ಪಿಸಿಲ್ಲ ಎಂದು ಬರೆಯುತ್ತಿದ್ದಳು. ಅದು ಸುಳ್ಳಲ್ಲ. ಸುಳ್ಳಲ್ಲದ್ದನ್ನು ತಿದ್ದುವುದು ಹೇಗೆಂದು ಬಿನ್‌ಗೆ ತಿಳಿದಿರಲಿಲ್ಲ.

ಆಟಗಾರರ ಫೋನುಗಳನ್ನು ಪೆಟ್ಟಿಗೆಗೆ ಹಾಕುವ ಮೊದಲು ಅವಳ ಸಂದೇಶ ಬಂದಿತ್ತು. 'ಬಾಗಿಲಲ್ಲಿ ಫ್ಲಾಸ್ಕು ಬಿಡ್ತಿಲ್ಲ. ನಿನಗೆ ಅಂತ ಕಡುಬಿನ ಸಾರು ತಂದಿದೀನಿ. ಜಗಳ ಆಡ್ತಿದೀನಿ. ನೀನು ಶುರು ಮಾಡು.'

ಶುರು ಮಾಡಿದ್ದ. ಈಗ ಮುಗಿಯದಂತೆ ನೋಡಿಕೊಳ್ಳುತ್ತಿದ್ದ. ಕಿತ್ತಳೆ ಬಣ್ಣದ ಜಾಕೀಟು ಹಾಕಿಕೊಂಡು ಬರುತ್ತೇನೆ ಎಂದಿದ್ದಳು. ಅವಳ ಟಿಕೀಟಿದ್ದ ಪೂರ್ವದ ಗ್ಯಾಲರಿಯ ಮೇಲಿನ ಸಾಲಿನಲ್ಲಿ ಕಿತ್ತಳೆ ಎಲ್ಲೂ ಇರಲಿಲ್ಲ.

"ಬಿನ್, ಚೆಂಡು ಹೊರಗೆ ಹಾಕು," ಶಾಂಗ್ ಅಂಚಿನಿಂದ ಕೂಗಿದರು.

ಬಿನ್ ಕಿವುಡನಾದ. ಚೆಂಡು ತೆಗೆದುಕೊಂಡ, ಎದುರಾಳಿಯನ್ನು ಒಂದು ಸುತ್ತು ಸುತ್ತಿಸಿದ, ಮತ್ತೆ ಹಿಂದಕ್ಕೆ ಕೊಟ್ಟ. ಗೆರೆಯ ಹತ್ತಿರ ಉರುಳಿದ್ದೊಂದನ್ನು ಬಿದ್ದು ಕಾಲಿನಿಂದ ತಡೆದ.

"ಮುಂದೆ ಒದಿಯೋ," ಗ್ಯಾಲರಿಯಿಂದ ಯಾವನೋ ಅರಚಿದ. "ಹಿಂದೆ ಏನು ನಿಮ್ಮಪ್ಪನ ಮನೆ ಇದೆಯಾ?"

ಜನ ನಕ್ಕರು. ಹದಿನೆಂಟನೇ ನಿಮಿಷ. ಹತ್ತೊಂಬತ್ತು. ಇಷ್ಟು ಚೆನ್ನಾಗಿ ಅವನು ಜನ್ಮದಲ್ಲಿ ಆಡಿರಲಿಲ್ಲ. ಅವನ ಕಾಲಿಂದ ಹೋದ ಒಂದು ಚೆಂಡೂ ತಪ್ಪಲಿಲ್ಲ, ಒಂದೂ ಎಲ್ಲಿಗೂ ಹೋಗಲಿಲ್ಲ.

ಆಗ ಎದುರಾಳಿಯೊಬ್ಬ ಮೊಣಕಾಲು ಹಿಡಿದುಕೊಂಡು ಬಿದ್ದ.

ರೆಫರಿ ಸೀಟಿ ಊದಲಿಲ್ಲ. ಚೆಂಡು ಬಿನ್‌ನ ಕಾಲಲ್ಲಿತ್ತು. ಬಿದ್ದವನ ಕಡೆಯವರೆಲ್ಲ ಕೈ ಎತ್ತಿದರು. ಎದುರಿನವನು ಬಿದ್ದರೆ ಚೆಂಡನ್ನು ಹೊರಗೆ ಹಾಕುವುದು ಮರ್ಯಾದೆ. ಹತ್ತನೇ ವಯಸ್ಸಿನಲ್ಲಿ ಹಾಸ್ಟೆಲಿನ ಮೇಷ್ಟ್ರು ತಲೆಗೆ ಮೊಟಕಿ ಕಲಿಸಿದ್ದರು. ಬಿನ್ ಪೂರ್ವಕ್ಕೆ ನೋಡಿದ. ಮೆಟ್ಟಿಲ ಬಾಯಲ್ಲಿ ಕಿತ್ತಳೆ ಜಾಕೀಟು ಕಾಣಿಸಿಕೊಂಡಿತ್ತು. ಅವಳು ಮೈದಾನಕ್ಕೆ ಬೆನ್ನು ಹಾಕಿ, ಟಿಕೀಟು ಮುಖದ ಹತ್ತಿರ ಹಿಡಿದು, ಕುರ್ಚಿಯ ಅಂಕೆ ಹುಡುಕುತ್ತಿದ್ದಳು.

ಇನ್ನು ಅರ್ಧ ನಿಮಿಷ ಸಾಕಿತ್ತು.

ಬಿದ್ದವನು ನರಳಿದ. ಬಿನ್‌ನ ಕಾಲು ಅವನನ್ನು ಕೇಳದೆಯೇ ಚೆಂಡನ್ನು ಹೊರಗೆ ಒದೆಯಿತು.

ಇಡೀ ಗ್ಯಾಲರಿ ಚಪ್ಪಾಳೆ ತಟ್ಟಿತು. ಅವನ ಪಾಲಿಗೆ ಆ ವರ್ಷ ಬಂದ ಚಪ್ಪಾಳೆ ಅದೊಂದೇ. ಹಲಗೆ ಮೇಲೆದ್ದಿತು.

"ಕಾಲು ಮರಗಟ್ಟಿ ಹೋಗಿತ್ತು ಮಾರಾಯ, ನಿನ್ನ ಕಾದೂ ಕಾದೂ," ಪೆಂಗ್ ಅವನ ಅಂಗೈಗೆ ಅಂಗೈ ಬಡಿದು ಒಳಗೆ ಓಡಿದ. ಬಿದ್ದವನು ಎದ್ದು ಕಾಲು ಝಾಡಿಸಿಕೊಂಡು ಓಡತೊಡಗಿದ. ಅವನಿಗೆ ಏನೂ ಆಗಿರಲಿಲ್ಲ.

ಶಾಂಗ್ ಬೈಯಲಿಲ್ಲ. ಬೈದಿದ್ದರೆ ಬಿನ್‌ಗೆ ಒಂದಿಷ್ಟು ಸಮಾಧಾನವಾಗುತ್ತಿತ್ತು.

ಪಂದ್ಯ ಮುಗಿದ ಮೇಲೆ ಅಮ್ಮ ಆಟಗಾರರ ಬಾಗಿಲ ಹತ್ತಿರ ನಿಂತಿದ್ದಳು. ಮುಖ ಕೆಂಪೇರಿತ್ತು, ದನಿ ಒಡೆದಿತ್ತು.

"ಗಂಟಲು ಬಿದ್ದೋಯ್ತು ಬಿನ್‌ಬಿನ್, ಕೂಗಿ ಕೂಗಿ. ಒಂದ್ಸಲನಾದ್ರೂ ತಲೆ ಎತ್ತಿ ನೋಡಿದ್ಯಾ?"

"ಕೊನೆಗೂ ಕುರ್ಚಿ ಸಿಕ್ತಾ?"

"ಮೇಲ್ಗಡೆ, ಆಕಾಶದ ಹತ್ರ. ಶುರುವಿಂದು ತಪ್ಪೋಯ್ತು, ಆ ಫ್ಲಾಸ್ಕಿನವನ ದೆಸೆಯಿಂದ. ಅಲ್ಲಿಂದ ಎಲ್ಲಾ ಇರುವೆ ಥರ ಕಾಣ್ತಾರೆ. ಎಲ್ರದ್ದೂ ಒಂದೇ ಕ್ರಾಪು, ಒಂದೇ ಅಂಗಿ. ಆದ್ರೆ ಹೆತ್ತೋಳಿಗೆ ಮಗನ ಓಟ ಗೊತ್ತಾಗಲ್ವಾ? ನಡುಮಧ್ಯೆ ಓಡ್ತಿದ್ದೋನು ನೀನೇ. ಆ ಗೋಲು ಹಾಕ್ಸಿದ್ದೂ ನೀನೇ ತಾನೆ?"

ಗೋಲು ಹಾಕಿಸಿದವನು ಪೆಂಗ್. ಹೇಳಬಹುದಿತ್ತು. ಬಿನ್ ಬಾಯಿ ತೆರೆದ.

"ಅಮ್ಮ, ಅದು..."

"ದೊಡ್ಡಮ್ಮಂಗೆ ವಿಡಿಯೋ ಆಗ್ಲೇ ಕಳಿಸಿಬಿಟ್ಟೆ. ಅಳ್ತಿದಾಳಂತೆ. ಇಲ್ನೋಡು."

ಅವಳು ಫೋನನ್ನು ಅವನ ಮುಂದೆ ಹಿಡಿದಳು. ಪರದೆಯಲ್ಲಿ ಬೆರಳಿನ ಉಗುರಿನಷ್ಟು ದೊಡ್ಡ ಪೆಂಗ್ ಓಡುತ್ತಿದ್ದ. ಕೆಳಗೆ, ಚಿತ್ರದ ಅಂಚಿನಲ್ಲಿ, ಬೆಂಚು ಕಾಣುತ್ತಿತ್ತು. ಬೆಂಚಿನ ಕೊನೆಗೆ ಮೊಣಕಾಲಿನ ಮೇಲೆ ತಲೆಯಿಟ್ಟು ಕೂತ ಒಬ್ಬ.

"ಸರಿಯಾಗಿ ಕಾಣಲ್ಲ, ತಾಳು," ಎಂದು ಅಮ್ಮ ಚಿಪ್ಪು ಬಿಡಿಸಿ ಗಾಯವಾದ ಎರಡು ಬೆರಳುಗಳನ್ನು ಪರದೆಯ ಮೇಲಿಟ್ಟು ಅಗಲಿಸಿದಳು. ಪೆಂಗ್ ದೊಡ್ಡವನಾದ. ಬೆಂಚು ಅಂಚಿಗೆ ಸರಿಯಿತು, ಕೂತವನ ಬೆನ್ನಷ್ಟೇ ಉಳಿಯಿತು. ಅವಳು ಬೆರಳುಗಳನ್ನು ಇನ್ನಷ್ಟು ಅಗಲಿಸಿದಳು. ಬೆನ್ನೂ ಚೌಕಟ್ಟಿನಿಂದ ಹೊರಗೆ ಹೋಯಿತು.