ಎಡಗಡೆಯ ಕನ್ನಡಿ

"ಹಸ ಗುದ್ದಿದ್ರೆ ಇಂಗೆ ಒಡಿಯಲ್ಲ ಮೇಡಂ. ಯಾರೋ ಮೇಲಿಂದ ಬಾರ್ಸವ್ರೆ," ಎಂದು ಪೇಂಟರ್ ಮಾದಯ್ಯ ಕಾರಿನಿಂದ ಬಿಚ್ಚಿದ ಕನ್ನಡಿಯನ್ನು ತಿರುಗಿಸಿ ತೋರಿಸಿದ. ಮೇಲ್ಭಾಗದ ಪ್ಲಾಸ್ಟಿಕ್ಕು ಒಳಕ್ಕೆ ಕುಸಿದಿತ್ತು.

ಶೋಭಿತಾ ಅಪ್ಪ ಮರಿಸಿದ್ದಯ್ಯನತ್ತ ತಿರುಗಿದಳು. ಹಸು ಗುದ್ದಿತೆಂದು ಹೇಳಿದ್ದವನು ಅವನೇ. ಮರಿಸಿದ್ದಯ್ಯ ಗ್ಯಾರೇಜಿನ ಆಚೆ, ಮಂಡ್ಯದ ರಸ್ತೆಯಲ್ಲಿ ಹೋಗುತ್ತಿದ್ದ ಕಬ್ಬಿನ ಲಾರಿಯನ್ನು ನೋಡುತ್ತ ನಿಂತ.

ಮಳವಳ್ಳಿಯ ಕಾಲೇಜಿನಲ್ಲಿ ಪಾಠ ಹೇಳುವ ಶೋಭಿತಾ ಈ ಹಳೆಯ ಕೆಂಪು ಕಾರು ಕೊಂಡು ಎರಡು ತಿಂಗಳಾಗಿತ್ತು. ತಮ್ಮ ಬೀದಿಯನ್ನು ಪೈಪಿಗೆಂದು ಅಗೆದಿದ್ದರಿಂದ ಭಾನುವಾರ ಅದನ್ನು ಊರೊಳಗೆ, ಬೆಟ್ಟಯ್ಯನ ಮನೆಯೆದುರು ನಿಲ್ಲಿಸಿದ್ದಳು. ಎಡಗಡೆಯ ಕನ್ನಡಿ ಒಡೆದದ್ದು ಅಲ್ಲೇ. ಆಮೇಲೆ ಎರಡು ದಿನ ಯಾರದೋ ಹಸುವನ್ನು ಬೈದುಕೊಂಡು ಓಡಾಡಿದ್ದಳು.

"ಅಪ್ಪ, ನಿಜ ಹೇಳು."

"ಬುಡವ್ವ. ಹೊಸದು ಹಾಕ್ತಾವ್ರಲ್ಲ."

"ಹೇಳು ಅಂದ್ನಲ್ಲ!"

ಅವನ ದನಿ ಇಳಿಯಿತು. "ಬೆಟ್ಟಯ್ಯನ ಮಗ ಹೇಮಂತ. ದೊಣ್ಣೇಲಿ ಒಡ್ದ. ನಮ್ಮನೆ ಮುಂದ್ಕೆ ನಿಮ್ ಕಾರು ಬರೋ ಅಂಗಾಯ್ತಾ ಅಂದ."

"ನೋಡ್ಕಂಡ್ ನಿಂತಿದ್ಯಾ? ಮನೇಗ್ ಬಂದು ನನ್ಗೂ ಸುಳ್ಳು ಹೇಳ್ದ್ಯಾ?"

"ಏನ್ ಮಾಡ್ಲವ್ವ? ನಾಲೆ ನೀರು ಅವರ ಗದ್ದೆ ದಾಟೇ ನಮ್ಗೆ ಬರ್ಬೇಕು. ಪೈರು ಹೊಡೆಗೆ ಬಂದದೆ, ಈಗ ನೀರು ನಿಂತ್ರೆ ತೆನೆ ಕಟ್ಟಲ್ಲ."

ಅವಳಿಗೆ ಹೇಮಂತನ ಮೇಲಿನ ಸಿಟ್ಟಿಗಿಂತ ಎದುರಿಗೆ ತಲೆ ತಗ್ಗಿಸಿ ನಿಂತಿದ್ದ ಈ ಮುದುಕನ ಮೇಲಿನ ಸಿಟ್ಟೇ ಹೆಚ್ಚಾಗಿ ಉರಿಯಿತು.

ಹೊಸ ಕನ್ನಡಿಯ ಹೊರಕವಚ ಕಪ್ಪಗಿತ್ತು. ಮಾದಯ್ಯ ಕಂಪನಿ ನಂಬರಿನಂತೆ ಬಣ್ಣ ಕಲಸಿ, ಒಂದು ರಟ್ಟಿನ ಚೂರಿಗೆ ಹೊಡೆದು, ಬಾಗಿಲಿಗೆ ಹಿಡಿದು ನೋಡಿದ. ಕಣ್ಣಿಗೆ ರಾಚಿತು.

"ನಂಬರ್ ಸರಿಯಾಗೇ ಅದೆ. ನಿಮ್ ಕಾರೇ ಬಿಸ್ಲಿಗೆ ಮಾಸೋಗದೆ."

"ಯಾವ ಕೆಂಪಾದ್ರೂ ಬಳೀರಿ! ಬೇಗ ಮಾಡಿ."

ಮಾದಯ್ಯ ಒಂದೊಂದೇ ಹನಿ ಕಪ್ಪು ಬೆರೆಸುತ್ತ ಹೋದ. ನಾಲ್ಕನೆಯ ರಟ್ಟು ಬಾಗಿಲಿನಲ್ಲಿ ಕರಗಿಹೋದಂತೆ ಕೂಡಿಕೊಂಡ ಮೇಲೆಯೇ ಕವಚಕ್ಕೆ ಬಣ್ಣ ಹೊಡೆದ. ಒಣಗಿಸಿ ಕೂರಿಸುವಷ್ಟರಲ್ಲಿ ನಾಲ್ಕು ಗಂಟೆ.

 ಊರು ಮುಟ್ಟಿದವಳೇ ಬೆಟ್ಟಯ್ಯನ ಮನೆಯೆದುರೇ ಕಾರು ನಿಲ್ಲಿಸಿ, ಹಾರನ್ ಮೇಲಿಟ್ಟ ಕೈ ತೆಗೆಯಲಿಲ್ಲ. ಬೆಟ್ಟಯ್ಯ ಜಗಲಿಯ ಮೇಲೆ ಕುಳಿತಿದ್ದ. ಹೇಮಂತ ಒಳಗಿನಿಂದ ಬಂದ. ಅಕ್ಕಪಕ್ಕದ ಬಾಗಿಲುಗಳಲ್ಲಿ ಜನ ಕಾಣಿಸಿಕೊಂಡರು.

ಶೋಭಿತಾ ಇಳಿದಳು. "ಇಲ್ಲೇ ನಿಲ್ಸಿದ್ದೀನಿ. ಒಡಿ ಈಗ, ನನ್ ಕಣ್ಮುಂದೆ."

"ನಾನೆಲ್ ಒಡ್ದೆ? ಯಾರ್ ನೋಡ್ದೋರು?" ಹೇಮಂತ ನಕ್ಕ.

ಕಾರಿನ ಇನ್ನೊಂದು ಬಾಗಿಲು ತೆರೆಯಿತು. "ನಾನ್ ನೋಡ್ದೆ," ಎಂದ ಮರಿಸಿದ್ದಯ್ಯ. "ಪೋಲೀಸ್ನೋರು ಕೇಳುದ್ರೂ ಇದ್ನೇ ಹೇಳ್ತೀನಿ."

"ನಾಲೆ ನೀರು ಬ್ಯಾಡ್ವೇನ್ಲಾ ಮರಿಸಿದ್ದ?" ಬೆಟ್ಟಯ್ಯ ಕುಳಿತಲ್ಲಿಂದಲೇ ಕೇಳಿದ.

"ನೀರು ನಾಲೇದು ಬೆಟ್ಟಯ್ಯ. ನಿಮ್ಮಪ್ಪಂದಲ್ಲ."

 ಮರಿಸಿದ್ದಯ್ಯ ಮೆಟ್ಟಿಲಿನತ್ತ ನಡೆದ. ಮಗಳು ಹಿಡಿದುಕೊಳ್ಳಲು ಬಂದಳು, ಅವನು ಕೈ ಕೊಡಲಿಲ್ಲ. ಎರಡು ಮೆಟ್ಟಿಲು ಹತ್ತಿ, ಬೆಟ್ಟಯ್ಯನಿಂದ ಒಂದು ಮೊಳ ಬಿಟ್ಟು, ತಮ್ಮ ಬೀದಿಯವರು ಯಾರೂ ಈವರೆಗೆ ಕೂರದ ಆ ಜಗಲಿಯ ಮೇಲೆ ಕುಳಿತ. ಕಲ್ಲು ಇನ್ನೂ ಬಿಸಿಲಿನ ಕಾವು ಹಿಡಿದಿತ್ತು.