ಕಲೆ ತೆಗೆದ ಅರ್ಜಿಗಳು

ದಾಖಲೆ ಭಂಡಾರದಲ್ಲಿ ಹರಿದ ಕಾಗದ ರಿಪೇರಿ ಮಾಡುತ್ತ ಇಪ್ಪತ್ತಾರು ವರ್ಷ ಸವೆಸಿದವಳು ಕಚೇರಿಗೆಲ್ಲ ತೇಪೆಯಕ್ಕ. ಅಣೆಕಟ್ಟಿನಲ್ಲಿ ಮುಳುಗಿಹೋದ ಊರಿನವರು ನೂರು ವರ್ಷದ ಹಿಂದೆ ಕೊಟ್ಟಿದ್ದ ಅರ್ಜಿಗಳನ್ನು ಅವಳೇ ಹಾಳೆ ಹಾಳೆಯಾಗಿ ಅಂಟಿಸಿ, ಹಸುಗೂಸನ್ನು ಒಪ್ಪಿಸುವಂತೆ ಸ್ಕ್ಯಾನಿಂಗಿಗೆ ಒಪ್ಪಿಸಿದ್ದಳು. ಇಂದು ಪರದೆಯ ಮೇಲೆ ನೋಡಿದರೆ ಬರಹವಿದೆ, ಕೆಳಗೆ ಸಾಲಾಗಿ ಒತ್ತಿದ್ದ ಹೆಬ್ಬೆಟ್ಟುಗಳೇ ಇಲ್ಲ! ಅವಳ ಮೈಯೆಲ್ಲ ಉರಿದುಹೋಯಿತು.

“ಸಾರ್, ಹೆಬ್ಬೆಟ್ಟೆಲ್ಲಿ?”

“ಕಲೆ ತೆಗಿ ಅಂತ ಕಂಪ್ಯೂಟರಿಗೆ ಹೇಳಿದ್ವಿ, ಅದರ ಜೊತೆ ಹೋಗಿದೆ,” ಎಂದರು ದೊಡ್ಡ ಸಾಹೇಬರು. “ಹಾಲಿನ ಹಾಗೆ ಬೆಳ್ಳಗಿದೆ ನೋಡಮ್ಮ! ಬೇಕಾದ್ರೆ ಮೂಲ ಕಾಗದ ಇದ್ದೇ ಇದೆಯಲ್ಲ.”

“ಮೂಲ ಕಾಗದ ಇನ್ಮೇಲೆ ಯಾರಿಗೂ ತೋರಿಸಬಾರದು ಅಂತ ಬೋರ್ಡು ಹಾಕಿಸಿದ್ದು ನೀವೇ ತಾನೆ? ಅರ್ಜಿ ಬರೆದಿದ್ದು ಯಾವನೋ ಗುಮಾಸ್ತ, ಸಾರ್. ಆ ಜನ ತಮ್ಮ ಕೈಯಾರೆ ಇಟ್ಟಿದ್ದು ಅದೊಂದೇ.”

“ಇಷ್ಟಕ್ಕೆಲ್ಲ ರಂಪ ಯಾಕಮ್ಮ? ಮುನ್ನೂರು ಅರ್ಜಿ ಮತ್ತೆ ಯಾರು ಮಾಡ್ತಾರೆ? ಎಲ್ಲ ಸರಿಯಿದೆ ಅಂತ ಸಹಿ ಹಾಕಿಬಿಡು.”

ಸಾಹೇಬರು ಚಾಚಿದ ಪೆನ್ನನ್ನು ಅವಳು ಮುಟ್ಟಲೂ ಇಲ್ಲ. ಬಾಗಿಲ ಪಕ್ಕದ ಗೋಡೆಗೆ ಸಿಬ್ಬಂದಿಯ ಹಾಜರಿ ಯಂತ್ರ ಅಂಟಿಕೊಂಡಿತ್ತು. ಅತ್ತ ಕೈ ತೋರಿಸಿದಳು.

“ಬೆಳಿಗ್ಗೆ ಆ ಡಬ್ಬಕ್ಕೆ ನನ್ನ ಹೆಬ್ಬೆಟ್ಟು ಗುರುತು ಸಿಗದಿದ್ರೆ, ನಾನಿಲ್ಲಿ ಕಣ್ಣೆದುರಿಗೇ ಕೂತಿದ್ರೂ ಆಫೀಸಿಗೇ ಬಂದಿಲ್ಲ ಅಂತ ಬರೀತೀರಿ. ಇವರನ್ನ ಏನಂತ ಬರೀತೀರಿ ಸಾರ್, ಭೂಮಿಗೇ ಬಂದಿರಲಿಲ್ಲ ಅಂತಲಾ?”